ಫ್ಯಾಟಿ ಲಿವರ್: ಎಸ್‌ಜಿಪಿಟಿ ಸಾಕಾ, ಫಿಬ್-4 ಬೇಕಾ?

ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಎಂದು ಬಂದಾಗ ಹೆಚ್ಚಿನವರು ಮೊದಲು ನೋಡುವುದು ಎಸ್‌ಜಿಪಿಟಿ, ಅಂದರೆ ಲಿವರ್‌ನ ಒಂದು ಕಿಣ್ವ (ಎನ್‌ಜೈಮ್). ಲಿವರ್‌ಗೆ ಪೆಟ್ಟಾದಾಗ ಇದು ರಕ್ತದಲ್ಲಿ ಏರುತ್ತದೆ. ಯಾವ ಲ್ಯಾಬಿನಲ್ಲೂ ಮಾಡುತ್ತಾರೆ. ಆದರೆ ಲಿವರ್‌ನಲ್ಲಿ ಕೊಬ್ಬು ಜಾಸ್ತಿ ಇದ್ದರೂ ಎಷ್ಟೋ ಜನರಿಗೆ ಇದು ನಾರ್ಮಲ್ ಬರುತ್ತದೆ. ಅದನ್ನು ನಂಬಿ ಸುಮ್ನೆ ಕೂರಬೇಡಿ.

ಫಿಬ್-4 ಹೊಸ ಪರೀಕ್ಷೆಯಲ್ಲ, ಒಂದು ಲೆಕ್ಕ ಅಷ್ಟೇ. ಇದು ಕೊಬ್ಬನ್ನು ಅಳೆಯುವುದಿಲ್ಲ. ಲಿವರ್ ಗಾಯಗೊಂಡು ಗಟ್ಟಿಯಾಗಿರಬಹುದೇ ಎಂದು ಅಂದಾಜಿಸುತ್ತದೆ. ನಿಜವಾದ ಅಪಾಯ ಅಲ್ಲೇ ಇರುವುದು. ವಯಸ್ಸು 50, ಎಸ್‌ಜಿಒಟಿ (ಇನ್ನೊಂದು ಕಿಣ್ವ) 40, ಪ್ಲೇಟ್‌ಲೆಟ್ 2 ಲಕ್ಷ, ಎಸ್‌ಜಿಪಿಟಿ 64 ಎಂದುಕೊಳ್ಳಿ. 50ನ್ನು 40ರಿಂದ ಗುಣಿಸಿದರೆ 2000. ಪ್ಲೇಟ್‌ಲೆಟ್ಟಿನ 200 (ಸಾವಿರದ ಲೆಕ್ಕ) ಮತ್ತು 64ರ ವರ್ಗಮೂಲ 8 ಗುಣಿಸಿದರೆ 1600. 2000ನ್ನು 1600ರಿಂದ ಭಾಗಿಸಿದರೆ 1.25. 1.3ರ ಒಳಗಿದ್ದರೆ ಅಪಾಯ ಕಡಿಮೆ. 65 ದಾಟಿದವರಿಗೆ ಈ ಗಡಿ 2. 2.67 ಮೀರಿದರೆ ಲಿವರ್ ತಜ್ಞರನ್ನು ಕಾಣಲೇಬೇಕು. ನಡುವೆ ಬಂದರೆ ಸಾಮಾನ್ಯವಾಗಿ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಸ್ಕ್ಯಾನ್) ಮಾಡಿಸುತ್ತಾರೆ. 35ರ ಕೆಳಗಿನವರಲ್ಲಿ ಮಾತ್ರ ಈ ಲೆಕ್ಕ ಅಷ್ಟು ಸರಿಹೋಗದು.

ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 150, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ) 5.7 ಮುಟ್ಟಿದೆಯಾ ಎಂದೂ ನೋಡಿ. ಕೊಬ್ಬು ಸೇರುವ ಕಾರಣ ಅಲ್ಲಿ ಕಾಣುತ್ತದೆ.

ಸಕ್ಕರೆ ಕಾಯಿಲೆ ಇದ್ದವರು ಎಸ್‌ಜಿಪಿಟಿ ಒಂದಕ್ಕೇ ನಿಲ್ಲದೆ ಡಾಕ್ಟರ ಬಳಿ ಫಿಬ್-4 ಕೇಳಿ.