ಮಿಟ್ಮ್‌ಪ್ರಾಕ್ಸಿ: ರೆಕಾರ್ಡ್ ಮಾಡುವುದು ಸಲೀಸು, ರೀಪ್ಲೇ ಮಾಡುವಾಗ ಮೈಯೆಲ್ಲ ಕಣ್ಣಾಗಿರಲಿ

ಮಂಡ್ಯದ ಅಚ್ಚುಬೆಲ್ಲ ಮಾರುವ ಒಂದು ಆನ್‌ಲೈನ್ ಅಂಗಡಿ ಅಂದುಕೊಳ್ಳಿ. ಜಾಲತಾಣ ಕಟ್ಟುವ ವರ್ಡ್‌ಪ್ರೆಸ್ ಮೇಲೆ ಮಾರಾಟ ನೋಡಿಕೊಳ್ಳುವ ವೂಕಾಮರ್ಸ್, ಅದರ ಮೇಲೆ ಕೊರಿಯರ್ ದರ ಕೇಳಿ ತರುವ ಒಂದು ಪ್ಲಗಿನ್. ಪಿನ್‌ಕೋಡ್ 570001 ಹಾಕಿದರೆ ದರ ಬರುತ್ತದೆ. 571401 ಹಾಕಿದರೆ ಒಮ್ಮೆ ಬರುತ್ತದೆ, ಇನ್ನೊಮ್ಮೆ ಖಾಲಿ. ತಪ್ಪು ಪ್ಲಗಿನ್ನಿನದೋ ಕೊರಿಯರ್ ಸರ್ವರಿನದೋ ಗೊತ್ತಾಗಬೇಕಾದರೆ ಆ ಖಾಲಿ ಉತ್ತರವನ್ನು ಹಿಡಿದಿಟ್ಟುಕೊಂಡು, ಅದನ್ನೇ ಬೇಕಾದಷ್ಟು ಸಲ ಪ್ಲಗಿನ್ನಿಗೆ ಉಣಿಸಿ ನೋಡಬೇಕು. ಇಂಥ ಕೆಲಸಕ್ಕೆ, ಪ್ರೋಗ್ರಾಮ್ ಮತ್ತು ಸರ್ವರಿನ ನಡುವೆ ಕೂತು ಎರಡೂ ಕಡೆಯ ಮಾತನ್ನು ಹಿಡಿದಿಡುವ ಮಿಟ್ಮ್‌ಪ್ರಾಕ್ಸಿ ಹೇಳಿ ಮಾಡಿಸಿದಂತಿದೆ. ಆದರೆ ಅದರ ಡೀಫಾಲ್ಟ್ ಸೆಟ್ಟಿಂಗ್‌ಗಳನ್ನು ಹಾಗೇ ನಂಬಿದರೆ ಕೆಟ್ಟಿರಿ.

ಪೈಥಾನ್‌ನಲ್ಲಿ ಬರೆದ ಓಪನ್ ಸೋರ್ಸ್ ಸಾಧನ, ಕಾಸು ಕೊಡಬೇಕಿಲ್ಲ. ಒಂದೇ ಎಂಜಿನ್‌ಗೆ ಮೂರು ಮುಖ: ಟರ್ಮಿನಲ್‌ನಲ್ಲಿ ತೆರೆಯುವ ಮಿಟ್ಮ್‌ಪ್ರಾಕ್ಸಿ, ಬ್ರೌಸರಿನಲ್ಲಿ ತೋರಿಸುವ ಮಿಟ್ಮ್‌ವೆಬ್, ಸದ್ದಿಲ್ಲದೆ ಫೈಲಿಗೆ ಬರೆಯುವ ಮಿಟ್ಮ್‌ಡಂಪ್. ಪ್ರಾಕ್ಸಿ ಕೂರುವುದು 8080ನೇ ಪೋರ್ಟ್‌ನಲ್ಲಿ, ಮಿಟ್ಮ್‌ವೆಬ್‌ನ ಪರದೆ 8081ರಲ್ಲಿ. ಮಿಟ್ಮ್‌ಡಂಪ್‌ಗೆ ಚಿಕ್ಕ ಡಬ್ಲ್ಯೂ ಆಯ್ಕೆ ಮತ್ತು ಫೈಲಿನ ಹೆಸರು ಕೊಟ್ಟರೆ ರೆಕಾರ್ಡಿಂಗ್ ಶುರು. ಜೊತೆಗೆ ಟಿಲ್ಡೆ-ಡಿ ಫಿಲ್ಟರ್ ಹಾಕಿ ಕೊರಿಯರ್‌ನ ಡೊಮೇನ್ ಒಂದನ್ನೇ ಉಳಿಸಿಕೊಳ್ಳಿ. ಇಲ್ಲದಿದ್ದರೆ ವರ್ಡ್‌ಪ್ರೆಸ್ಸಿನ ಅಪ್‌ಡೇಟ್ ವಿಚಾರಣೆಗಳೂ ಸೇರಿ ಫೈಲು ಕಸದ ಬುಟ್ಟಿಯಾಗುತ್ತದೆ.

ಮೊದಲ ತೊಡಕು ಸರ್ಟಿಫಿಕೇಟಿನದು. ಗೂಢಲಿಪಿಯಲ್ಲಿ ಹೋಗುವ ಎಚ್‌ಟಿಟಿಪಿಎಸ್ ಟ್ರಾಫಿಕ್ಕನ್ನು ನಡುವೆ ಬಿಚ್ಚಿ ಓದಬೇಕಾದರೆ ಪ್ರಾಕ್ಸಿಯ ಸರ್ಟಿಫಿಕೇಟನ್ನು ಪ್ರೋಗ್ರಾಮ್ ನಂಬಬೇಕು. ಮೊದಲ ಸಲ ಓಡಿಸಿದಾಗ ಹೋಮ್ ಫೋಲ್ಡರಿನೊಳಗೆ ಚುಕ್ಕಿ-ಮಿಟ್ಮ್‌ಪ್ರಾಕ್ಸಿ ಎಂಬ ಅಡಗಿದ ಫೋಲ್ಡರಿನಲ್ಲಿ ಒಂದು ರೂಟ್ ಸರ್ಟಿಫಿಕೇಟ್ ಹುಟ್ಟುತ್ತದೆ. ಅದನ್ನು ಉಬುಂಟುಗೋ ವಿಂಡೋಸ್‌ಗೋ ಸೇರಿಸಿ ಕೈ ತೊಳೆದುಕೊಂಡರೆ ಬ್ರೌಸರ್‌ಗೇನೋ ಸಮಾಧಾನ, ವರ್ಡ್‌ಪ್ರೆಸ್‌ಗೆ ಅಲ್ಲ. ಅದು ತನ್ನದೇ ಸರ್ಟಿಫಿಕೇಟ್ ಕಟ್ಟನ್ನು ಡಬ್ಲ್ಯೂಪಿ-ಇನ್‌ಕ್ಲೂಡ್ಸ್ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ. ಸಿಸ್ಟಮ್ಮಿನ ಪ್ರಾಕ್ಸಿ ಸೆಟ್ಟಿಂಗನ್ನೂ ಕೇಳುವುದಿಲ್ಲ. ಆದ್ದರಿಂದ ಡಬ್ಲ್ಯೂಪಿ-ಕಾನ್ಫಿಗ್ ಫೈಲಿನಲ್ಲಿ ಪ್ರಾಕ್ಸಿ ಹೋಸ್ಟ್‌ಗೆ 127.0.0.1, ಪ್ರಾಕ್ಸಿ ಪೋರ್ಟ್‌ಗೆ 8080 ಎಂದು ಎರಡು ಕಾನ್‌ಸ್ಟಂಟ್ ಬರೆಯಬೇಕು. ಆಮೇಲೆ ಎಚ್‌ಟಿಟಿಪಿ-ರಿಕ್ವೆಸ್ಟ್-ಆರ್ಗ್ಸ್ ಫಿಲ್ಟರ್ ಮೂಲಕ ಸರ್ಟಿಫಿಕೇಟಿನ ದಾರಿಯನ್ನು ಮಿಟ್ಮ್‌ಪ್ರಾಕ್ಸಿಯ ರೂಟ್ ಸರ್ಟಿಫಿಕೇಟ್ ಇರುವ ಪೆಮ್ ಫೈಲಿನತ್ತ ತಿರುಗಿಸಬೇಕು. ಆ ಫೈಲು ಹೋಮ್ ಫೋಲ್ಡರಿನಲ್ಲೇ ಇದ್ದರೆ ಈಚಿನ ಉಬುಂಟುವಿನಲ್ಲಿ ವೆಬ್ ಸರ್ವರಿಗೆ ಓದುವ ಅನುಮತಿ ಇರುವುದಿಲ್ಲ, ಬೇರೆಡೆಗೆ ಕಾಪಿ ಮಾಡಿ. ಎಸ್‌ಎಸ್‌ಎಲ್ ಪರಿಶೀಲನೆಯನ್ನೇ ಆಫ್ ಮಾಡುವುದು ಅಡ್ಡದಾರಿ. ಆ ಒಂದು ಸಾಲು ಯಾರ ಕಣ್ಣಿಗೂ ಬೀಳದೆ ಅಸಲಿ ಅಂಗಡಿಗೆ ಹೋಗಿ ಕೂರುತ್ತದೆ.

ಇಷ್ಟಾದರೂ ಒಂದು ಪ್ಲಗಿನ್‌ನ ಟ್ರಾಫಿಕ್ ಕಾಣದಿದ್ದರೆ, ಅದು ವರ್ಡ್‌ಪ್ರೆಸ್ಸಿನ ಎಚ್‌ಟಿಟಿಪಿ ಎಪಿಐ ಬಿಟ್ಟು ಕರ್ಲ್ ಎಂಬ ಲೈಬ್ರರಿಯನ್ನು ನೇರವಾಗಿ ಬಳಸುತ್ತಿರಬಹುದು. ಅಂಥದ್ದಕ್ಕೆ ಲೋಕಲ್ ಮೋಡ್ ಇದೆ: ಪ್ರೋಸೆಸ್‌ನ ಹೆಸರು ಕೊಟ್ಟರೆ ಅದರ ಟ್ರಾಫಿಕ್ಕನ್ನು ತಾನೇ ಎಳೆದುಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಈ ಸೌಲಭ್ಯ ಬಂದದ್ದು 11.1ನೇ ಆವೃತ್ತಿಯಲ್ಲಿ. ಆದ್ದರಿಂದ ಹಳೆಯ ಪ್ಯಾಕೇಜ್ ನಂಬದೆ ಪೈಥಾನ್ ಸಾಧನಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್‌ಎಕ್ಸ್‌ನಿಂದ ಹೊಸದನ್ನೇ ಹಾಕಿಕೊಳ್ಳುವುದು ಒಳ್ಳೆಯದು.

ಇನ್ನು ರೀಪ್ಲೇ. ದೊಡ್ಡ ಎಸ್ ಆಯ್ಕೆಗೆ ರೆಕಾರ್ಡ್ ಫೈಲು ಕೊಟ್ಟರೆ, ಪ್ಲಗಿನ್ ಕೇಳಿದ ಪ್ರಶ್ನೆಗೆ ಸರ್ವರಿನ ಬದಲು ಆ ಫೈಲೇ ಉತ್ತರಿಸುತ್ತದೆ. ನಿಜವಾದ ಅಪಾಯಗಳಿರುವುದು ಇಲ್ಲೇ. ಒಮ್ಮೆ ಬಳಸಿದ ಉತ್ತರವನ್ನು ಅದು ಪಟ್ಟಿಯಿಂದ ತೆಗೆದುಬಿಡುತ್ತದೆ. ಮೂರು ಉತ್ತರ ರೆಕಾರ್ಡ್ ಆಗಿದ್ದು ಪ್ಲಗಿನ್ ನಾಲ್ಕನೇ ಸಲ ಕೇಳಿದರೆ, ಆ ಪ್ರಶ್ನೆ ಸದ್ದಿಲ್ಲದೆ ಅಸಲಿ ಸರ್ವರಿಗೆ ಹೋಗುತ್ತದೆ. ನೀವು ರೀಪ್ಲೇ ನೋಡುತ್ತಿದ್ದೀರಿ ಅಂದುಕೊಂಡಿರುತ್ತೀರಿ, ಅಲ್ಲಿ ಹೊಸ ಆರ್ಡರೇ ಬುಕ್ ಆಗಿರುತ್ತದೆ! ಸರ್ವರ್-ರೀಪ್ಲೇ-ಎಕ್ಸ್‌ಟ್ರಾ ಎಂಬ ಸೆಟ್ಟಿಂಗನ್ನು ಕಿಲ್ ಅಥವಾ 404 ಎಂದು ಬದಲಿಸದೆ ರೀಪ್ಲೇ ಶುರು ಮಾಡಲೇಬೇಡಿ. ಇದು ಡೀಫಾಲ್ಟ್ ಆಗಿರಬೇಕಿತ್ತು ಎಂಬುದು ಈ ಸಾಧನದ ಮೇಲಿರುವ ದೊಡ್ಡ ತಕರಾರು.

ಉತ್ತರ ಖಾಲಿಯಾಗದಿರಲಿ ಎಂದು ರೀಯೂಸ್ ಆನ್ ಮಾಡುವವರಿದ್ದಾರೆ, ಹಳೆಯ ಆವೃತ್ತಿಗಳಲ್ಲಿ ಇದರ ಹೆಸರು ನೋಪಾಪ್. ಆಗ ಪ್ರತಿ ಸಲ ಮೊದಲ ಉತ್ತರವೇ ಬರುತ್ತದೆ. ಪಾವತಿಯ ಸ್ಥಿತಿಯನ್ನು ಮತ್ತೆ ಮತ್ತೆ ಕೇಳುವ ಪ್ಲಗಿನ್ ಆಗಿದ್ದರೆ ಪೆಂಡಿಂಗ್ ಎಂಬುದು ಪೆಂಡಿಂಗ್ ಆಗಿಯೇ ಉಳಿಯುತ್ತದೆ, ಸಕ್ಸಸ್ ಬರುವುದೇ ಇಲ್ಲ.

ರೆಕಾರ್ಡ್ ಆದ ಪ್ರಶ್ನೆಗೂ ಹೊಸ ಪ್ರಶ್ನೆಗೂ ಹೊಂದಾಣಿಕೆ ನೋಡುವ ಲೆಕ್ಕವೂ ಬಿಗಿ. ಮೆಥಡ್, ಹೋಸ್ಟ್, ಪೋರ್ಟ್, ಪಾತ್, ಕ್ವೆರಿ (ವೆಬ್ ವಿಳಾಸದಲ್ಲಿ ಪ್ರಶ್ನೆಚಿಹ್ನೆಯ ನಂತರದ ಭಾಗ), ಬಾಡಿ (ಕಳಿಸುವ ಮಾಹಿತಿ) ಎಲ್ಲವೂ ತಾಳೆಯಾಗಬೇಕು. ಕ್ವೆರಿಯಲ್ಲಿ ಟೈಮ್‌ಸ್ಟ್ಯಾಂಪ್ ಇದ್ದರೆ ಇಗ್ನೋರ್-ಪ್ಯಾರಮ್ಸ್‌ಗೆ ಅದರ ಹೆಸರು ಕೊಡಿ. ಫಾರ್ಮ್ ಬಾಡಿಯಲ್ಲಿದ್ದರೆ ಇಗ್ನೋರ್-ಪೇಲೋಡ್-ಪ್ಯಾರಮ್ಸ್ ಸಾಕು. ಜೇಸನ್ ಬಾಡಿಯೊಳಗಿದ್ದರೆ ಅದು ಕೆಲಸಕ್ಕೆ ಬಾರದು, ಇಡೀ ಬಾಡಿಯನ್ನೇ ಕಡೆಗಣಿಸುವ ಇಗ್ನೋರ್-ಕಂಟೆಂಟ್ ಹಾಕಬೇಕಾಗುತ್ತದೆ. ಆಗ 5 ಕಿಲೋ ಬೆಲ್ಲಕ್ಕೂ 10 ಕಿಲೋ ಬೆಲ್ಲಕ್ಕೂ ಒಂದೇ ಪಟ್ಟಿಯಿಂದ ಸರದಿಯಲ್ಲಿ ಉತ್ತರ ಬರುತ್ತದೆ. ರೆಕಾರ್ಡ್ ಮಾಡಿದ ಕ್ರಮದಲ್ಲೇ ಕ್ಲಿಕ್ ಮಾಡದಿದ್ದರೆ ದರ ಅದಲುಬದಲು.

ಕನ್ನಡ ವಿಳಾಸ ತುಂಬುವ ಅಂಗಡಿಗಳಿಗೆ ಇನ್ನೊಂದು ಮಾತು. ‘ಮೇಲುಕೋಟೆ’ ಎಂದು ಬರೆದಾಗ ಕೂಡಿದ ರೂಪದಲ್ಲಿ 8 ಕೋಡ್‌ಪಾಯಿಂಟ್ (ಯೂನಿಕೋಡ್ ಚಿಹ್ನೆ), ಯುಟಿಎಫ್-8ರಲ್ಲಿ 24 ಬೈಟ್. ‘ಮೇ’ಯ ದೀರ್ಘವೂ ‘ಕೋ’ದ ಓತ್ವವೂ ಬಿಡಿಬಿಡಿಯಾಗಿ ಬಂದರೆ 11 ಕೋಡ್‌ಪಾಯಿಂಟ್, 33 ಬೈಟ್. ತೆರೆಯ ಮೇಲೆ ಎರಡೂ ಒಂದೇ, ಮಿಟ್ಮ್‌ಪ್ರಾಕ್ಸಿಗೆ ಎರಡೂ ಬೇರೆ ಊರು. ರೀಪ್ಲೇ ತಾಳೆಯಾಗದಿದ್ದಾಗ ಪ್ರತಿ ಬೈಟನ್ನು 3 ಅಕ್ಷರವಾಗಿ ಬರೆಯುವ ಪರ್ಸೆಂಟ್ ಎನ್‌ಕೋಡಿಂಗ್ ಎಣಿಸಿ ನೋಡಿ, 72 ಅಕ್ಷರವಿರಬೇಕಾದಲ್ಲಿ 99 ಇದ್ದರೆ ಕಳ್ಳ ಸಿಕ್ಕಂತೆ. ಎನ್‌ಎಫ್‌ಸಿಗೆ, ಅಂದರೆ ಕೂಡಿದ ರೂಪಕ್ಕೆ, ಪರಿವರ್ತಿಸುವ ಕೆಲಸ ಪ್ಲಗಿನ್ನಿನಲ್ಲೇ ಆಗಬೇಕು.

ಮೈಸೂರಿನ ಸರಸ್ವತಿಪುರಂನಲ್ಲಿ ಸಂಜೆ ಮಳೆಗೆ ಕರೆಂಟು ಹೋದರೆ ರೂಟರ್ ಸಾಯುತ್ತದೆ, ಲ್ಯಾಪ್‌ಟಾಪ್ ಬದುಕಿರುತ್ತದೆ. ರೀಪ್ಲೇಗೆ ನೆಟ್ ಯಾಕೆ ಬೇಕು ಅನ್ನಿಸುತ್ತದೆ, ಆದರೂ ಎರರ್. ಕಾರಣ, ಕನೆಕ್ಷನ್-ಸ್ಟ್ರಾಟಜಿ ಡೀಫಾಲ್ಟ್ ಆಗಿ ಈಗರ್. ಉತ್ತರ ಕೈಯಲ್ಲಿದ್ದರೂ ಮೊದಲು ಅಸಲಿ ಸರ್ವರಿನ ಬಾಗಿಲು ತಟ್ಟುತ್ತದೆ. ಲೇಜಿ ಎಂದು ಬದಲಿಸಿದರೆ ನೆಟ್ ಇಲ್ಲದೆಯೂ ನಡೆಯುತ್ತದೆ.

ರೀಪ್ಲೇ ಸಮಯವನ್ನು ನಕಲು ಮಾಡುವುದಿಲ್ಲ. ಅಸಲಿ ಸರ್ವರ್ 6 ಸೆಕೆಂಡ್ ತೆಗೆದುಕೊಂಡಿದ್ದರೂ ಫೈಲಿನಿಂದ ಉತ್ತರ ತಟ್ಟನೆ ಬರುತ್ತದೆ. ವರ್ಡ್‌ಪ್ರೆಸ್ಸಿನ ಟೈಮ್‌ಔಟ್ ಡೀಫಾಲ್ಟ್ 5 ಸೆಕೆಂಡ್. ಹಾಗಾಗಿ ಮೇಲಿನ ‘ಖಾಲಿ ದರ’ ಟೈಮ್‌ಔಟಿನಿಂದ ಬಂದದ್ದಾದರೆ ರೀಪ್ಲೇಯಲ್ಲಿ ಎಂದೂ ಕಾಣದು. ಬೇಕೆಂದೇ ತಡಮಾಡುವ ನಾಲ್ಕು ಸಾಲಿನ ಪೈಥಾನ್ ಸ್ಕ್ರಿಪ್ಟ್ ಸೇರಿಸಬೇಕು. ಹಾಗೆಯೇ ಹೆಡರಿನ ದಿನಾಂಕ, ಕುಕಿಯ ಅವಧಿಗಳನ್ನು ಅದು ತಾನೇ ಹೊಸದಾಗಿಸುತ್ತದೆ, ಬಾಡಿಯೊಳಗಿನ ಟೋಕನ್ನಿನ ಅವಧಿಯನ್ನು ಮುಟ್ಟುವುದಿಲ್ಲ. ನಿನ್ನೆಯ ರೆಕಾರ್ಡಿಂಗ್ ಇವತ್ತು ಲಾಗಿನ್‌ನಲ್ಲೇ ಮುಗ್ಗರಿಸಿದರೆ ಮೊದಲು ಅಲ್ಲಿ ನೋಡಿ.

ಪರ್ಯಾಯಗಳಲ್ಲಿ ಚಾರ್ಲ್ಸ್‌ನ ಪರದೆ ಇದಕ್ಕಿಂತ ಸ್ನೇಹಮಯಿ, ಆದರೆ ಹಣ ಕೊಡಬೇಕು. 30 ದಿನದ ಟ್ರಯಲ್‌ನಲ್ಲಿ ಪ್ರತಿ 30 ನಿಮಿಷಕ್ಕೆ ಮುಚ್ಚಿಕೊಳ್ಳುತ್ತದೆ. ಫಿಡ್ಲರ್ ಕ್ಲಾಸಿಕ್ ವಿಂಡೋಸ್‌ನವರಿಗೆ ಮಾತ್ರ. ವರ್ಡ್‌ಪ್ರೆಸ್ ಪ್ಲಗಿನ್ ಅಲ್ಲದೆ ಪೈಥಾನ್ ಪ್ರೋಗ್ರಾಮ್ ಆಗಿದ್ದು ಟೆಸ್ಟ್ ಬರೆಯುವುದಷ್ಟೇ ಗುರಿಯಾದರೆ ವಿಸಿಆರ್‌ಪೈ ಎಂಬ ಲೈಬ್ರರಿ ಸಾಕು, ಪ್ರಾಕ್ಸಿಯ ರಗಳೆಯೇ ಇಲ್ಲ.

ರೆಕಾರ್ಡ್ ಫೈಲಿನಲ್ಲಿ ಎಪಿಐ ಕೀ, ಕುಕಿ, ಗಿರಾಕಿಗಳ ಫೋನ್ ನಂಬರ್ ಎಲ್ಲವೂ ಬಿಚ್ಚಿಟ್ಟ ಹಾಗೇ ಇರುತ್ತವೆ. ಪ್ಲಗಿನ್ ಬರೆದವರಿಗೆ ಕಳಿಸುವ ಮುನ್ನ ಚಿಕ್ಕ ಎನ್ ಮತ್ತು ಚಿಕ್ಕ ಆರ್ ಆಯ್ಕೆಯಿಂದ ಫೈಲನ್ನು ಓದಿಸಿ, ಸ್ಕ್ರಿಪ್ಟ್ ಮೂಲಕ ಆಥರೈಸೇಶನ್ ಹೆಡರ್ ಅಳಿಸಿ, ಬಾಡಿಯ ನಂಬರ್‌ಗಳನ್ನು ಬದಲಿಸಿ, ಹೊಸ ಫೈಲಿಗೆ ಬರೆಯಿರಿ. ಆ ಹೊಸ ಫೈಲಿನಿಂದಲೂ ತೊಂದರೆ ಮರುಕಳಿಸುತ್ತದೆಯೇ ಎಂದು ಒಮ್ಮೆ ರೀಪ್ಲೇ ಮಾಡಿ ನೋಡಿ, ಆಮೇಲೆ ಕಳಿಸಿ.