ಕಲಬುರಗಿಯ ಉರ್ದು ದಾಖಲೆ ಅನುವಾದದ ಅಂಗಡಿಯೊಂದು ಮತ್ತು ‘ತಾವಾನ್’ ಎಂಬ ಪದ

ಹೈದರಾಬಾದ್ ಸಂಸ್ಥಾನದ ಕಚೇರಿಗಳಲ್ಲಿ 1880ರ ದಶಕದಲ್ಲಿ ಫಾರಸಿಯ ಸ್ಥಾನಕ್ಕೆ ಉರ್ದು ಬಂದಿತು. ಅಂದಿನಿಂದ 1948ರವರೆಗೆ ನಮ್ಮ ಭಾಗದ ಕಂದಾಯ ಮತ್ತು ನ್ಯಾಯಾಲಯದ ಕಾಗದಪತ್ರಗಳು ಬಹುಮಟ್ಟಿಗೆ ಆ ಭಾಷೆಯಲ್ಲಿಯೇ ನಡೆದವು. ಆದಕಾರಣ ಕಲಬುರಗಿ, ಬೀದರ, ಯಾದಗಿರಿ ಕಡೆಯಲ್ಲಿ ಹೊಲದ ವ್ಯಾಜ್ಯವಿರುವ ಕುಟುಂಬದವರು ಒಂದಲ್ಲ ಒಂದು ದಿನ ಅಜ್ಜನ ಟ್ರಂಕಿನಿಂದ ಹಳದಿ ಬಣ್ಣಕ್ಕೆ ತಿರುಗಿದ ಉರ್ದು ಕಾಗದವೊಂದನ್ನು ತೆಗೆದುಕೊಂಡು ಅದನ್ನು ಓದಿ ಹೇಳುವವರನ್ನು ಹುಡುಕಬೇಕಾಗುತ್ತದೆ. ಕಲಬುರಗಿಯ ನ್ಯಾಯಾಲಯದ ಆಸುಪಾಸಿನಲ್ಲಿ ಟೈಪಿಂಗ್ ಮತ್ತು ಝೆರಾಕ್ಸ್ ಕೆಲಸದ ಜೊತೆಗೆ ಇಂತಹ ಅನುವಾದವನ್ನೂ ಮಾಡಿಕೊಡುವ ಅಂಗಡಿಯೊಂದಕ್ಕೆ ನಮ್ಮ ಮನೆತನದ ಒಂದು ರಸೀದಿಯನ್ನು ಒಪ್ಪಿಸಿದ್ದೆ. ಆ ಸೇವೆಯ ಗುಣದೋಷಗಳನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಸರ್ಕಾರಿ ಗಾಯರಾಣದಲ್ಲಿ, ಅಂದರೆ ದನ ಮೇಯಲು ಬಿಟ್ಟ ನೆಲದಲ್ಲಿ, ಅನುಮತಿಯಿಲ್ಲದೆ ಜೋಳ ಬಿತ್ತಿದ್ದಕ್ಕಾಗಿ ಹಿರಿಯರೊಬ್ಬರಿಂದ ಹಣ ವಸೂಲು ಮಾಡಿಕೊಂಡ ಬಗ್ಗೆ ತಹಸೀಲ್ ಕಚೇರಿ ಕೊಟ್ಟ ರಸೀದಿ ಅದು. ಅದರಲ್ಲಿ ವಸೂಲಾದ ಹಣವನ್ನು ‘ಜುರ್ಮಾನಾ’ ಎಂದು ಬರೆದಿರಲಿಲ್ಲ, ‘ತಾವಾನ್’ ಎಂದು ಬರೆಯಲಾಗಿತ್ತು. ಬರಹ ಶಿಕಸ್ತಾ ಶೈಲಿಯದು, ಅಂದರೆ ಗುಮಾಸ್ತರು ಅವಸರದಲ್ಲಿ ಅಕ್ಷರಗಳನ್ನು ಮುರಿದು ಜೋಡಿಸುತ್ತಾ ಸಾಗುವ ಬಗೆಯದು. ಮೊದಲ ಅಕ್ಷರದ ಮೇಲಿರಬೇಕಾದ ಎರಡು ನುಕ್ತೆಗಳು (ಚುಕ್ಕೆಗಳು) ಸಣ್ಣದೊಂದು ಗೀರಾಗಿದ್ದವು, ಕೊನೆಯ ‘ನೂನ್’ ಅಕ್ಷರದ ಬಾಲ ಕೆಳಗಿನ ಸಾಲಿನವರೆಗೂ ಇಳಿದಿತ್ತು.

ಅಂಗಡಿಯ ತರುಣ ಅನುವಾದಕರು ಈ ಪದವನ್ನು ತಡವರಿಸದೆ ಸರಿಯಾಗಿಯೇ ಓದಿದರು. ಆದರೆ ಕರಡು ಪ್ರತಿ ಕೈಗೆ ಬಂದಾಗ ನೋಡಿದರೆ, ನಮ್ಮ ಹಿರಿಯರು ತಹಸೀಲ್ದಾರರಿಗೆ ‘ಒತ್ತೆಹಣ’ ಕೊಟ್ಟಿದ್ದಾರೆಂದು ಅದರಲ್ಲಿತ್ತು. ನಗು ಬಂದರೂ ಅವರನ್ನು ದೂಷಿಸುವಂತಿರಲಿಲ್ಲ. ಇಂದಿನ ಉರ್ದು ಪತ್ರಿಕೆಗಳಲ್ಲಿ ‘ತಾವಾನ್’ ಹೆಚ್ಚಾಗಿ ಕಾಣಿಸಿಕೊಳ್ಳುವುದೇ ‘ಅಗ್ವಾ ಬರಾಯೆ ತಾವಾನ್’, ಅಂದರೆ ಹಣಕ್ಕಾಗಿ ಅಪಹರಣ ಎಂಬ ಸುದ್ದಿಗಳಲ್ಲಿ. ಪತ್ರಿಕೆ ಓದಿ ಬೆಳೆದ ಉರ್ದುವಿಗೂ ಕಚೇರಿಯ ಉರ್ದುವಿಗೂ ಇರುವ ಅಂತರ ಅಲ್ಲಿ ಬಯಲಾಯಿತು. ಕರಡನ್ನು ಒಳಗಿನ ಮೇಜಿನಲ್ಲಿ ಕುಳಿತಿದ್ದ ಹಿರಿಯ ಅನುವಾದಕರಿಗೆ ತೋರಿಸಿದಾಗ, ಅವರು ಆ ಪದವನ್ನು ಹೊಡೆದುಹಾಕಿ ‘ದಂಡ’ ಎಂದು ಬರೆಯಲು ಹೋಗಿ, ಅರೆಕ್ಷಣ ತಡೆದು, ‘ನಷ್ಟಭರ್ತಿ ರೂಪದ ದಂಡ (ತಾವಾನ್)’ ಎಂದು ತಿದ್ದಿದರು. ಈ ಅಂಗಡಿಯನ್ನು ನಾನು ಇತರರಿಗೆ ಶಿಫಾರಸು ಮಾಡುತ್ತಿರುವುದು ಆ ಒಂದು ತಿದ್ದುಪಡಿಯ ಕಾರಣದಿಂದ.

ಆ ತಿದ್ದುಪಡಿಗೆ ಏಕಿಷ್ಟು ಬೆಲೆ ಎಂಬುದನ್ನು ತುಸು ವಿಸ್ತರಿಸಿಯೇ ಹೇಳಬೇಕು. ‘ಜುರ್ಮಾನಾ’ ಎಂಬುದರಲ್ಲಿ ಅಪರಾಧವೆಂಬ ಅರ್ಥದ ‘ಜುರ್ಮ್’ ಎಂಬ ಅರಬಿ ಪದಕ್ಕೆ ‘ಆನಾ’ ಎಂಬ ಫಾರಸಿ ಪ್ರತ್ಯಯ ಸೇರಿದೆ. ಅಂದರೆ ಅಪರಾಧ ಇಲ್ಲದ ಕಡೆ ಜುರ್ಮಾನೆ ಇರಲು ಬರುವುದಿಲ್ಲ. ಅದೇ ಪದ ಕನ್ನಡದ ನಾಲಿಗೆಯಲ್ಲಿ ‘ಜುಲ್ಮಾನೆ’ಯಾಗಿ ಇಂದಿಗೂ ನಮ್ಮ ಕಾನೂನಿನ ಕನ್ನಡದಲ್ಲಿ ಉಳಿದಿದೆ. (ದಬ್ಬಾಳಿಕೆಯೆಂಬ ಅರ್ಥದ ‘ಜುಲುಮೆ’ ಬೇರೆಯೇ ಧಾತುವಿನಿಂದ ಬಂದದ್ದು, ಆದರೆ ಜುಲ್ಮಾನೆ ಕಟ್ಟಿ ಹೊರಬಂದವನಿಗೆ ಅವೆರಡರ ನಡುವೆ ನೆಂಟಸ್ತಿಕೆ ಕಂಡರೆ ಆಶ್ಚರ್ಯವಿಲ್ಲ.) ಹಾನಿಯೆಂಬ ಅರ್ಥದ ‘ಹರ್ಜ್’ನಿಂದ ಹುಟ್ಟಿದ ‘ಹರ್ಜಾನಾ’ ಪೂರ್ಣವಾಗಿ ಪರಿಹಾರದ ಕಡೆಯದು. ‘ತಾವಾನ್’ ಅಪ್ಪಟ ಫಾರಸಿ ಪದವಾಗಿದ್ದು, ದಂಡ ಮತ್ತು ಪರಿಹಾರ ಎಂಬ ಎರಡೂ ಅರ್ಥಗಳನ್ನು ಒಡಲಲ್ಲಿ ಇಟ್ಟುಕೊಂಡಿದೆ. ಸೋತ ದೇಶ ಗೆದ್ದ ದೇಶಗಳಿಗೆ ತೆರಬೇಕಾದ ಯುದ್ಧಪರಿಹಾರವನ್ನು ಉರ್ದುವಿನಲ್ಲಿ ‘ತಾವಾನೆ ಜಂಗ್’ ಎನ್ನುತ್ತಾರೆ. ಅಲ್ಲಿಯೂ ಶಿಕ್ಷೆಯ ಬಿಸಿ ಇದೆ, ಆದರೆ ಲೆಕ್ಕ ಹಾಕುವುದು ಆದ ನಷ್ಟದ ಹೆಸರಿನಲ್ಲಿ.

ಈ ಭೇದ ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯಾನ ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಗೆ. ಎಮ್ಮೆ ಹೊಲಕ್ಕೆ ನುಗ್ಗಿ ಬೆಳೆ ಹಾಳು ಮಾಡಿದರೆ ಎಂಟು ಮಾಷ (ಹಳೆಯ ಕಾಲದ ಸಣ್ಣ ನಾಣ್ಯ), ಆಕಳಿಗೆ ಅದರ ಅರ್ಧ, ಆಡು ಕುರಿಗಳಿಗೆ ಅದರಲ್ಲಿಯೂ ಅರ್ಧ ದಂಡ ಎಂದು ಆ ಸ್ಮೃತಿ ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ, ಎಷ್ಟು ಬೆಳೆ ನಾಶವಾಯಿತೋ ಅಷ್ಟರ ಫಲ ಹೊಲದವನಿಗೆ ಸಲ್ಲಬೇಕೆಂದು ಬೇರೆಯಾಗಿ ವಿಧಿಸುತ್ತದೆ. ದಂಡ ಅರಸನ ಬೊಕ್ಕಸಕ್ಕೆ, ಫಲ ರೈತನ ಮನೆಗೆ. ಗಾಯರಾಣದ ಪ್ರಕರಣದಲ್ಲಿ ಹೊಲದ ಒಡೆಯನೂ ಸರ್ಕಾರವೇ, ದಂಡ ಹಾಕುವವನೂ ಸರ್ಕಾರವೇ ಆಗಿದ್ದರಿಂದ ಎರಡೂ ಒಂದೇ ರಸೀದಿಯಲ್ಲಿ ಬೆರೆತವು, ಮತ್ತು ಆ ಬೆರಕೆಗೆ ತಾವಾನ್ ಎಂಬ ಪದ ಚೆನ್ನಾಗಿ ಒಪ್ಪಿತು ಎಂಬುದು ನನ್ನ ಊಹೆ. ವ್ಯಾಜ್ಯದ ದೃಷ್ಟಿಯಿಂದಲೂ ವ್ಯತ್ಯಾಸ ದೊಡ್ಡದು. ಬರೀ ‘ದಂಡ’ ಎಂದು ಬರೆದಿದ್ದರೆ ನಮ್ಮ ಹಿರಿಯರು ಏನೋ ಅಪರಾಧ ಮಾಡಿ ಸಿಕ್ಕಿಬಿದ್ದಂತೆ ತೋರುತ್ತಿತ್ತು. ಬಿತ್ತನೆಯ ಮೇಲಿನ ತಾವಾನ್ ಎಂದಾಗ, ಪಟ್ಟಾ ಇರದಿದ್ದರೂ ಆ ವರ್ಷ ಆ ನೆಲವನ್ನು ಉಳುತ್ತಿದ್ದವರು ಅವರೇ ಎಂಬುದಕ್ಕೆ ಸರ್ಕಾರದ ಕೈಬರಹವೇ ಸಾಕ್ಷಿಯಾಗುತ್ತದೆ ಎಂದು ನಮ್ಮ ವಕೀಲರು ಅಭಿಪ್ರಾಯಪಟ್ಟರು.

ಉಳಿದ ವಿಷಯಗಳಲ್ಲಿ ಅಂಗಡಿಯ ಕೆಲಸ ಏಕರೀತಿಯದಾಗಿಲ್ಲ. ಮೊತ್ತವನ್ನು ಅಂಕಿಗಳ ಬದಲು ‘ರಕಂ’ ಎಂದು ಕರೆಯುವ ಹಳೆಯ ಲೆಕ್ಕದ ಚಿಹ್ನೆಗಳಲ್ಲಿ ಬರೆಯಲಾಗಿತ್ತು. ಹಿರಿಯ ಅನುವಾದಕರು ಅದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಓದಿ ಹೇಳಿದರು. ಆದರೆ ಆ ರೂಪಾಯಿ ‘ಹಾಲಿ ಸಿಕ್ಕಾ’, ಅಂದರೆ ಸಂಸ್ಥಾನದ ಸ್ವಂತ ನಾಣ್ಯ, ಎಂಬುದನ್ನು ನಮೂದಿಸಲು ನಾನೇ ನೆನಪಿಸಬೇಕಾಯಿತು. ಸಂಸ್ಥಾನದ ಏಳು ಹಾಲಿ ರೂಪಾಯಿ ಸರಿಸುಮಾರು ಬ್ರಿಟಿಷ್ ಭಾರತದ ಆರು ರೂಪಾಯಿಗೆ ಸಮನಾಗಿದ್ದುದರಿಂದ ಈ ವಿವರವನ್ನು ಬಿಡುವಂತಿಲ್ಲ. ದಿನಾಂಕವನ್ನೂ ಕರಡಿನಲ್ಲಿ ‘ತೀರ್ 1346 ಫಸಲಿ’ ಎಂದು ಇದ್ದಂತೆಯೇ ಇಳಿಸಿ ಕೈತೊಳೆದುಕೊಂಡಿದ್ದರು. ಹೈದರಾಬಾದಿನ ಕಂದಾಯದ ಲೆಕ್ಕದ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜೂರ್ ತಿಂಗಳಿನಿಂದ ಆರಂಭವಾಗುತ್ತಿದ್ದುದರಿಂದ, ಇಸವಿ ತಿಳಿಯಲು ಆರಂಭದ ತಿಂಗಳುಗಳಿಗೆ 590ನ್ನೂ ಜನವರಿಯಿಂದ ಮುಂದಿನವುಗಳಿಗೆ 591ನ್ನೂ ಕೂಡಿಸಬೇಕು. ತೀರ್ ಎಂಟನೆಯ ತಿಂಗಳಾದ್ದರಿಂದ ಅದು 1937ರ ಮೇ ಸುಮಾರಿಗೆ ಬರುತ್ತದೆ. ಇದನ್ನು ಅಡಿಟಿಪ್ಪಣಿಯಾಗಿ ಸೇರಿಸಲು ಹೆಚ್ಚುವರಿ ಹಣ ಕೇಳಿದ್ದು ನನಗೆ ಸರಿಯೆನಿಸಲಿಲ್ಲ. ಓದುವ ನ್ಯಾಯಾಧೀಶರಿಗೆ ಇಸವಿ ತಿಳಿಯದಿದ್ದರೆ ಅನುವಾದ ಅರ್ಧದಲ್ಲಿಯೇ ನಿಂತಂತೆ.

ಕನ್ನಡ ಟೈಪಿಂಗ್‌ನಲ್ಲಿ ಒತ್ತಕ್ಷರಗಳ ತಪ್ಪುಗಳು ಧಾರಾಳವಾಗಿದ್ದವು, ಅಲ್ಪಪ್ರಾಣ ಮಹಾಪ್ರಾಣಗಳ ಗತಿಯೂ ಅಷ್ಟೇ. ತಿದ್ದಿಕೊಡಲು ಮಾತ್ರ ಬೇಸರಿಸಲಿಲ್ಲ, ಅದಕ್ಕೆ ಹಣವನ್ನೂ ಕೇಳಲಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಮಸುಕು ಚಿತ್ರವನ್ನು ನೋಡಿ ಅನುವಾದಿಸಲು ಒಪ್ಪದೆ ಮೂಲ ಕಾಗದವನ್ನೇ ತರಲು ಹೇಳಿದ್ದು, ಮತ್ತು ಅನುವಾದ ಮೂಲಕ್ಕೆ ನಿಷ್ಠವಾಗಿದೆಯೆಂಬ ಪ್ರಮಾಣಪತ್ರಕ್ಕೆ ಅನುವಾದಕರೇ ಸಹಿ ಹಾಕಿ ಕೊಟ್ಟಿದ್ದು ಅವರ ವೃತ್ತಿನಿಷ್ಠೆಯನ್ನು ತೋರಿಸುತ್ತದೆ.

ಅಲ್ಲಿಗೆ ಹೋಗುವವರು ಹಿರಿಯ ಅನುವಾದಕರು ಇರುವ ಹೊತ್ತನ್ನು ಮೊದಲೇ ಫೋನಿನಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಶುಕ್ರವಾರ ಮಧ್ಯಾಹ್ನ ನಮಾಜಿನ ವೇಳೆಗೆ ಅಂಗಡಿ ಮುಚ್ಚಿರುತ್ತದೆ. ಹಣದ ಮೊತ್ತ, ನಾಣ್ಯ, ಫಸಲಿ ದಿನಾಂಕ ಈ ಮೂರಕ್ಕೂ ಟಿಪ್ಪಣಿ ಬೇಕೆಂದು ಕೆಲಸ ಒಪ್ಪಿಸುವಾಗಲೇ ಹೇಳಿ ದರ ಗೊತ್ತುಮಾಡಿಕೊಳ್ಳಿ. ಕಾಗದದಲ್ಲಿ ಜುರ್ಮಾನಾ, ಹರ್ಜಾನಾ, ತಾವಾನ್ ಇವುಗಳಲ್ಲಿ ಯಾವುದೇ ಪದ ಬಂದಿದ್ದರೂ, ಕನ್ನಡ ಪದದ ಪಕ್ಕದಲ್ಲಿ ಮೂಲ ಪದವನ್ನು ಕಂಸದಲ್ಲಿ ಉಳಿಸಲು ಕೇಳಿ. ಅದಕ್ಕೆ ಅವರು ಪ್ರತ್ಯೇಕ ದರ ಹಾಕುವುದಿಲ್ಲ.