ಸುರುಳಿ ಆಲೂಗಡ್ಡೆ ಗರಿಗರಿಯಾಗಲು ಯಾವ ಸ್ಲೈಸರ್, ಯಾವ ಒಲೆ?

ಸುರುಳಿ ಸುರುಳಿ ಎಳೆಗಳಾಗಿ ಕತ್ತರಿಸಿದ ಆಲೂಗಡ್ಡೆಯನ್ನು ಕರಿಯದೆ, ಬರೀ ಬಿಸಿಗಾಳಿಯಲ್ಲಿ ಗರಿಗರಿಯಾಗಿಸಬೇಕಾದರೆ ಎಳೆಯ ದಪ್ಪ ತುದಿಯಿಂದ ತುದಿಯವರೆಗೆ ಒಂದೇ ಸಮನಾಗಿರಬೇಕು. ಕಾದ ಎಣ್ಣೆ ಎಲ್ಲ ಕಡೆಯಿಂದ ಒಟ್ಟಿಗೇ ಶಾಖ ಕೊಡುವುದರಿಂದ ಬಾಣಲೆಯಲ್ಲಿ ಸಣ್ಣಪುಟ್ಟ ಏರುಪೇರು ಅಷ್ಟಾಗಿ ತಿಳಿಯುವುದಿಲ್ಲ. ಓವನ್ನಿನಲ್ಲಾದರೋ ತೆಳುವಾದ ಭಾಗ ಸೀಯುವ ಹೊತ್ತಿಗೆ ದಪ್ಪಗಿರುವ ಭಾಗ ಇನ್ನೂ ಮೆತ್ತಗೇ ಇರುತ್ತದೆ. ಈ ಕಾರಣಕ್ಕಾಗಿಯೇ ಎರಡು ಬಗೆಯ ಸುರುಳಿ ಸ್ಲೈಸರ್‌ಗಳನ್ನು ಒಂದೇ ಚೀಲದ ಆಲೂಗಡ್ಡೆಯ ಮೇಲೆ ಪ್ರಯೋಗಿಸಿ ನೋಡಿದೆ.

ಪೆನ್ಸಿಲ್ ಶಾರ್ಪ್ನರ್‌ನಂತಿರುವ ಕೈ ಸ್ಲೈಸರ್ ಅಗ್ಗವಾದದ್ದು, ತೊಳೆಯುವುದೂ ಸುಲಭ. ಆದರೆ ಅದು ಸೌತೆಕಾಯಿ, ಕ್ಯಾರೆಟ್‌ಗಳಂಥ ಉದ್ದನೆಯ ತರಕಾರಿಗಳಿಗೆ ಒಗ್ಗುವ ಸಾಧನ. ದುಂಡನೆಯ ಆಲೂಗಡ್ಡೆಯನ್ನು ಅದರ ಬಾಯಿಗೆ ಹೊಂದುವಂತೆ ಕೆತ್ತಬೇಕು, ಕೈಯ ಒತ್ತಡ ಬದಲಾದಂತೆಲ್ಲ ಎಳೆಯ ದಪ್ಪವೂ ಬದಲಾಗುತ್ತದೆ. ಅಡಿಯಲ್ಲಿ ರಬ್ಬರ್ ಬಟ್ಟಲುಗಳಿದ್ದು ಅಡುಗೆಕಟ್ಟೆಗೆ ಬಿಗಿಯಾಗಿ ಅಂಟಿಕೊಳ್ಳುವ, ಹಿಡಿಕೆ ತಿರುಗಿಸುವ ಸ್ಲೈಸರ್‌ನಲ್ಲಿ ಗಡ್ಡೆಯ ಎರಡೂ ತುದಿಗಳನ್ನು ಸಪಾಟಾಗಿ ಕತ್ತರಿಸಿ ನೇರವಾಗಿ ಕೂರಿಸಿದರೆ ಸುರುಳಿ ಕಡಿಯದೆ, ಒಂದೇ ದಪ್ಪದಲ್ಲಿ ಇಳಿಯುತ್ತದೆ. ನಡುವಿನ ದಿಂಡು ಮಾತ್ರ ಉಳಿದುಬಿಡುತ್ತದೆ, ಅದು ಪಲ್ಯಕ್ಕಾಗುತ್ತದೆ. ಜಾಗ ಹೆಚ್ಚು ಹಿಡಿದರೂ ಈ ಕೆಲಸಕ್ಕೆ ನನ್ನ ಆಯ್ಕೆ ಇದೇ.

ಸ್ಲೈಸರ್‌ನಷ್ಟೇ ಮುಖ್ಯವಾದದ್ದು ಗಡ್ಡೆ. ಹಾಸನದ ಕಡೆ ಬೆಳೆಯುವ ಕುಫ್ರಿ ಜ್ಯೋತಿ ತಳಿ ಸಾಗು, ಪಲ್ಯಗಳಿಗೆ ಬಹಳ ರುಚಿ. ಆದರೆ ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಚಿಪ್ಸ್‌ಗೆಂದೇ ರೂಪಿಸಿದ ಚಿಪ್‌ಸೋನಾ ತಳಿಗಳಲ್ಲಿ ಒಣ ಅಂಶ (ನೀರು ಬಿಟ್ಟು ಉಳಿಯುವ ಭಾಗ) ಹೆಚ್ಚು, ಸಕ್ಕರೆ ಕಡಿಮೆ. ಆದ್ದರಿಂದ ಅವು ಬೇಗ ಗರಿಯಾಗುತ್ತವೆ, ಬಣ್ಣವೂ ಹೊಂಬಣ್ಣಕ್ಕೇ ನಿಲ್ಲುತ್ತದೆ. ಯಾವ ತಳಿಯೇ ಆಗಲಿ, ಫ್ರಿಜ್ಜಿನಲ್ಲಿಟ್ಟ ಗಡ್ಡೆ ಬೇಡವೇ ಬೇಡ: ಚಳಿಗೆ ಪಿಷ್ಟ ಸಕ್ಕರೆಯಾಗಿ, ಎಳೆಗಳು ಗರಿಯಾಗುವ ಮೊದಲೇ ಕಂದಿ ಕಹಿಯಾಗುತ್ತವೆ.

ಎಳೆಗಳನ್ನು ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಸಿದಾಗ ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆ ಪಿಷ್ಟವನ್ನು ಚೆಲ್ಲಿ, ಹತ್ತಿ ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಿ, 300 ಗ್ರಾಂ ಎಳೆಗೆ ಒಂದು ದೊಡ್ಡ ಚಮಚ ಎಣ್ಣೆ ಸವರಬೇಕು. ಏರ್ ಫ್ರೈಯರ್ 180 ಡಿಗ್ರಿಯಲ್ಲಿ ಕಾಲು ಗಂಟೆಯೊಳಗೆ ಕೆಲಸ ಮುಗಿಸುತ್ತದೆ. ಆದರೆ ಬುಟ್ಟಿ ಸಣ್ಣದು, ಒಂದು ಹಿಡಿಗಿಂತ ಹೆಚ್ಚು ಹಾಕಿದರೆ ಸುರುಳಿಗಳು ಹೆಣೆದುಕೊಂಡು ನಡುವೆ ಹಬೆ ಕಟ್ಟುತ್ತದೆ. ಫ್ಯಾನ್ ಇರುವ ಓಟಿಜಿಯಲ್ಲಿ (ಓವನ್, ಟೋಸ್ಟರ್, ಗ್ರಿಲ್ಲರ್ ಮೂರೂ ಒಂದಾಗಿರುವ ವಿದ್ಯುತ್ ಒಲೆ) 190 ಡಿಗ್ರಿಗೆ ಸುಮಾರು 25 ನಿಮಿಷ ಬೇಕಾದರೂ, ತಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ ನಡುವೆ ಒಮ್ಮೆ ತಿರುವಿದರೆ ಪ್ರತಿ ಎಳೆಯೂ ಬೇರೆಬೇರೆಯಾಗಿ ಗರಿಯಾಗುತ್ತದೆ. ಒಬ್ಬರಿಗೆ ಏರ್ ಫ್ರೈಯರ್ ಸಾಕು, ಮನೆಮಂದಿಗೆಲ್ಲ ಮಾಡುವಾಗ ಓಟಿಜಿಯೇ ಸರಿ.

ಉಪ್ಪು ಮೊದಲೇ ಬೆರೆಸಿದರೆ ನೀರು ಬಿಡುತ್ತದೆ, ಅಚ್ಚಖಾರದ ಪುಡಿ ಆ ಶಾಖಕ್ಕೆ ಕರಕಲಾಗುತ್ತದೆ. ಎರಡನ್ನೂ ಚಿಟಿಕೆ ಇಂಗಿನೊಂದಿಗೆ, ತಟ್ಟೆ ಹೊರತೆಗೆದ ಕೂಡಲೇ ಉದುರಿಸಬೇಕು. ಮಳೆಗಾಲದಲ್ಲಿ ಗಂಟೆಯೊಳಗೇ ಮೆತ್ತಗಾದ ಎಳೆಗಳನ್ನು 150 ಡಿಗ್ರಿಯಲ್ಲಿ ನಾಲ್ಕೈದು ನಿಮಿಷ ಇಟ್ಟರೆ ಮತ್ತೆ ಗರಿಗರಿಯಾಗುತ್ತವೆ.